ಸೋಮವಾರ ತಿನ್ನಬಾರದ ವಿಟಮಿನ್

ನನ್ನ ತಂಗಿ ಸೋಮವಾರ ವಿಟಮಿನ್ ತಿನ್ನುವುದಿಲ್ಲ.

ಶನಿವಾರವೂ ಇಲ್ಲ. ಶ್ರಾವಣದಲ್ಲಿ ಇಡೀ ತಿಂಗಳು ರಜೆ. ನವರಾತ್ರಿಯ ಒಂಬತ್ತು ದಿನವೂ ಇಲ್ಲ. ಗಣೇಶನ ಹಬ್ಬದ ದಿನ ಕೇಳುವುದೇ ಬೇಡ.

ಅವಳೀಗ ಏಳು ತಿಂಗಳ ಗರ್ಭಿಣಿ. ಆ ವಿಟಮಿನ್ ಕಳಿಸಿದವಳು ನಾನು. ಈ ವೇಳಾಪಟ್ಟಿ ನನಗೆ ಗೊತ್ತಾದದ್ದು ಮಾತ್ರ ಕಳೆದ ವಾರ. ಅದೂ ಅವಳಿಂದಲ್ಲ, ಅವಳ ಅತ್ತೆಯಿಂದ.

ಮೊದಲಿಂದ ಹೇಳುತ್ತೇನೆ. (ಮೊದಲು ಎನ್ನುವುದು ಎಲ್ಲಿದೆ ಎಂದು ನನಗೆ ಖಾತ್ರಿಯಿಲ್ಲ. ಕಥೆ ಹೇಳುವವರು ತಮಗೆ ಅನುಕೂಲವಾದ ಕಡೆಯಿಂದಲೇ ಶುರು ಮಾಡುತ್ತಾರೆ. ಅಂಕಣ ಬರೆಯುವ ನಾನೂ ನನ್ನ ತಪ್ಪು ತುಸು ಚಿಕ್ಕದಾಗಿ ಕಾಣುವ ಜಾಗದಿಂದಲೇ ಶುರು ಮಾಡುತ್ತಿದ್ದೇನೆ, ಗಮನಿಸಿ.)

ಬುಧವಾರ ಬೆಳಿಗ್ಗೆ ಸಾಗರದ ಪೇಟೆಯಲ್ಲಿ, ನಾವು ಯಾವಾಗಲೂ ಹೋಗುವ ಮೆಡಿಕಲ್ ಶಾಪಿನಲ್ಲಿದ್ದೆ. ತಂಗಿ ವೀಣಾಳಿಗೆ ಇನ್ನೊಂದು ಬಾಟಲಿ ಗಮ್ಮಿ ಬೇಕಿತ್ತು. ಗಮ್ಮಿ ಗೊತ್ತಲ್ಲ? ಜೆಲ್ಲಿ ಮಿಠಾಯಿ. ಅಗಿದರೆ ದವಡೆ ಹಲ್ಲಿಗೆ ಅಂಟಿಕೊಂಡು ಕೂರುತ್ತದೆ. ಈಗ ವಿಟಮಿನ್ನುಗಳೂ ಆ ವೇಷ ಹಾಕಿಕೊಂಡು ಬರುತ್ತಿವೆ. ಕೂದಲಿಗೊಂದು, ನಿದ್ದೆಗೊಂದು, ಬಸುರಿಯರಿಗೊಂದು. ಇದುವರೆಗಿನ ಬಾಟಲಿಗಳನ್ನೆಲ್ಲ ನಾನು ಆನ್‌ಲೈನಿನಲ್ಲಿ ತರಿಸಿ ನೇರ ಅವಳ ಮನೆಗೇ ಕಳಿಸಿದ್ದೆ. ಈ ಸಲ ಸ್ಟಾಕ್ ಇಲ್ಲ ಅಂತ ತೋರಿಸಿತು. ಹಾಗಾಗಿ ಫೋನಿನಲ್ಲಿದ್ದ ಬಾಟಲಿಯ ಫೋಟೋಗಳನ್ನು ಅಂಗಡಿಯ ಕಾಮತರ ಮುಂದೆ ಹಿಡಿದೆ.

"ಯಾರಿಗೆ?"

"ತಂಗಿಗೆ. ಏಳು ತಿಂಗಳು."

"ಐರನ್ ಬೇರೆ ತಗೊಳ್ತಿದಾರಲ್ಲ?"

"ಇದರಲ್ಲೇ ಎಲ್ಲಾ ಇರುತ್ತಲ್ಲ."

ಕಾಮತರು ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ತಂದುಕೊಂಡರು. ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿದರು. ಬಾಟಲಿಯ ಹಿಂಬದಿಯ ಲೇಬಲ್ಲನ್ನು ಪಂಚಾಂಗ ಓದುವ ಹಾಗೆ, ತುಟಿ ಅಲ್ಲಾಡಿಸುತ್ತ ಓದಿದರು.

"ಇಲ್ವಲ್ಲ ಮೇಡಂ."

"ಏನಿಲ್ಲ?"

"ಐರನ್ನೇ ಇಲ್ಲ. ಕ್ಯಾಲ್ಸಿಯಮ್ಮೂ ಇಲ್ಲ. ಫೋಲಿಕ್ ಆ್ಯಸಿಡ್ ಇದೆ, ಇನ್ನೊಂದೆರಡು ವಿಟಮಿನ್ ಇದೆ. ಅಷ್ಟೇ."

ಬಸುರಿಯರಿಗೆಂದೇ ಮಾಡಿದ ಔಷಧಿಯಲ್ಲಿ ಕಬ್ಬಿಣ ಇಲ್ಲವೇ? ಹಾಗಾದರೆ ಬಾಟಲಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿರುವ ಆ ಹೆಂಗಸು ಯಾರು?

"ಎಲ್ಲಾ ಗಮ್ಮೀನೂ ಹೀಗೇ ಅಂತಲ್ಲ. ಹೆಚ್ಚಿನವು ಹೀಗೇ," ಅಂದರು ಕಾಮತರು. "ಕಬ್ಬಿಣ ಹಾಕಿದ್ರೆ ತುಕ್ಕಿನ ರುಚಿ ಬರ್ತದೆ. ಯಾರು ತಿಂತಾರೆ? ಮತ್ತೆ ನೋಡ್ಲಿಕ್ಕೆ ಮಿಠಾಯಿ. ಮನೇಲಿರೋ ಮಕ್ಕಳು ಒಂದು ಮುಷ್ಟಿ ಬಾಯಿಗೆ ಹಾಕ್ಕೊಂಡ್ರೆ? ಕಬ್ಬಿಣ ಹೆಚ್ಚಾದ್ರೆ ಮಕ್ಕಳ ಜೀವಕ್ಕೇ ಬರ್ತದೆ. ಅದಕ್ಕೇ ಹಾಕದೇ ಬಿಡ್ತಾರೆ."

"ಮತ್ತೆ ಇದರಲ್ಲಿ ಇರುವುದು ಏನು?"

"ಮೊದಲ ಹೆಸರು ಎಂತ ಬರೆದಿದಾರೆ? ಗ್ಲೂಕೋಸ್ ಸಿರಪ್. ಎರಡನೇದು ಸಕ್ಕರೆ. ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೀಬೇಕು, ಅದು ರೂಲ್ಸು. ಆಮೇಲೆ ಜೆಲಟಿನ್, ಹುಳಿ, ಬಣ್ಣ, ಸ್ಟ್ರಾಬೆರಿ ವಾಸನೆ, ಹೊಳೀಲಿಕ್ಕೆ ಮೇಣ. ವಿಟಮಿನ್ ಎಲ್ಲಿದೆ ನೋಡಿ, ಬಾಲದಲ್ಲಿ."

ತಪ್ಪು ಮಾಡಿದವರಿಗೆ ವಾದ ಮಾಡುವ ಚಪಲ ಜಾಸ್ತಿ. "ಮಾತ್ರೆಯಲ್ಲೂ ಬಣ್ಣಗಿಣ್ಣ ಇರುತ್ತಲ್ಲ?" ಅಂದೆ.

"ಇರ್ತದಲ್ಲ. ಗಂಜಿಪುಡಿ ಇರ್ತದೆ, ಬಣ್ಣ ಇರ್ತದೆ. ಸರ್ಕಾರದ ಕೆಂಪು ಮಾತ್ರೆಗೆ ಮೇಲಿಂದ ಸಕ್ಕರೆ ಲೇಪವೂ ಇರ್ತದೆ. ಆದ್ರೆ ಅಲ್ಲಿ ಸಕ್ಕರೆ ಅಂಗಿ ಮೇಡಂ. ಇಲ್ಲಿ ಮೈಯೇ ಸಕ್ಕರೆ."

ಅಂಗಡಿಯ ಮೆಟ್ಟಿಲ ಮೇಲೆ ನಿಂತು ವೀಣಾಳಿಗೆ ಫೋನ್ ಮಾಡಿದೆ. ಅವಳ ಮನೆ ಬ್ಯಾಕೋಡಿನ ಹತ್ತಿರ, ಶರಾವತಿ ಹಿನ್ನೀರಿನ ಆಚೆ ದಡ. ಅಲ್ಲಿ ನೆಟ್‌ವರ್ಕ್ ಎನ್ನುವುದು ಬಂದರೆ ಬಂತು. ಅವತ್ತು ಬರಲಿಲ್ಲ. ಆರು ಸಲ ಮಾಡಿದೆ. ಆಮೇಲೆ ಬಸ್ ಹತ್ತಿದೆ.

ಯಾಕಷ್ಟು ಗಾಬರಿ ಅಂತೀರಾ? ಕಾರಣ ಇದೆ. ಗಮ್ಮಿ ಕಳಿಸಿದ್ದಷ್ಟೇ ನನ್ನ ಕೆಲಸವಾಗಿರಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೊಟ್ಟು ಹೋಗುತ್ತಿದ್ದ ಕಬ್ಬಿಣದ ಕೆಂಪು ಮಾತ್ರೆಯ ಬಗ್ಗೆಯೂ ನಾನು ಏನೋ ಹೇಳಿದ್ದೆ.

ಏನು ಹೇಳಿದ್ದೆ?

ನನಗೆ ಸ್ಪಷ್ಟವಾಗಿ ನೆನಪಿತ್ತು. ಸಂಜೆ, ಅಂಗಳದಲ್ಲಿ ನಿಂತು, ನಿಧಾನವಾಗಿ, ಜವಾಬ್ದಾರಿಯಿಂದ ಹೇಳಿದ್ದೆ: "ಯಾವುದಕ್ಕೂ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿಕೊಂಡು ತಗೋ ವೀಣಾ."

ಚೆನ್ನಾಗಿದೆ ಅಲ್ಲವೇ ಈ ನೆನಪು? ಇಷ್ಟು ಚೆನ್ನಾಗಿರುವ ನೆನಪುಗಳ ಮೇಲೆ ನನಗೆ ನಂಬಿಕೆ ಹೋಗಿ ಬಹಳ ವರ್ಷವಾಯಿತು. ಬಸ್ಸಿನಲ್ಲಿ ವಾಟ್ಸಾಪ್ ತೆರೆದು, ಆಷಾಢದವರೆಗೂ ಹಿಂದಕ್ಕೆ ಹೋದೆ. ನಾನು ಕಳಿಸಿದ ವಾಯ್ಸ್ ಮೆಸೇಜ್ ಅಲ್ಲೇ ಇತ್ತು. ನಲವತ್ತೇಳು ಸೆಕೆಂಡು. ಕಿವಿಗೆ ಹಿಡಿದೆ.

ಮೊದಲು ಕೇಳಿದ್ದು ಕುಕ್ಕರ್ ಶಿಳ್ಳೆ. (ಅಂದರೆ ಅಂಗಳವಲ್ಲ, ಅಡುಗೆಮನೆ. ಸಂಜೆಯಲ್ಲ, ಬೆಳಿಗ್ಗೆ ಕೆಲಸಕ್ಕೆ ಓಡುವ ಹೊತ್ತು.) ಆಮೇಲೆ ನನ್ನದೇ ಧ್ವನಿ, ನಗು ಬೇರೆ. "ಏಯ್, ಆ ಕೆಂಪು ಮಾತ್ರೆ ಎಲ್ಲ ಬಿಡೇ ಮಾರಾಯ್ತಿ. ವಾಂತಿ ಗ್ಯಾರಂಟಿ. ನಾನು ಕಳಿಸಿದ್ದರಲ್ಲಿ ಎಲ್ಲಾ ಇದೆ. ಎರಡೂ ಒಟ್ಟಿಗೆ ಮಾತ್ರ ತಗೋಬೇಡ, ಓವರ್‌ಡೋಸ್ ಆಗುತ್ತೆ."

ಡಾಕ್ಟರ್ ಎಂಬ ಶಬ್ದ ನಲವತ್ತೇಳು ಸೆಕೆಂಡಿನಲ್ಲಿ ಒಮ್ಮೆಯೂ ಇಲ್ಲ.

ಮತ್ತೊಮ್ಮೆ ಕೇಳಿದೆ. ಬದಲಾಗಲಿಲ್ಲ.

ಕೆಂಪು ಮಾತ್ರೆಯ ಮೇಲೆ ನನಗೆ ಹಳೆಯ ದ್ವೇಷ. ಹನ್ನೆರಡು ವರ್ಷದ ಹಿಂದೆ ನಾನು ಬಸುರಿಯಾಗಿದ್ದಾಗ ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಆ ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು, ಬಾಯೆಲ್ಲ ತುಕ್ಕು ಹಿಡಿದ ಬಕೆಟ್ಟಿನ ರುಚಿ. ದಿನಾ ಒಂದೊಂದನ್ನೇ ಕಿಟಕಿಯಿಂದ ದಾಸವಾಳದ ಬುಡಕ್ಕೆ ಎಸೆಯುತ್ತಿದ್ದೆ, ಆ ವರ್ಷ ದಾಸವಾಳ ಎಂದೂ ಇಲ್ಲದಷ್ಟು ಕೆಂಪಾಗಿ ಬಿಟ್ಟಿತು. ಈ ಕಥೆಯನ್ನು ಎಷ್ಟು ಕಡೆ ಹೇಳಿದ್ದೇನೋ. ಜನ ನಗುತ್ತಾರೆ. ಹೊಸನಗರದಲ್ಲಿರುವ ನನ್ನ ಅಮ್ಮ ಮಾತ್ರ ಒಂದು ಸಲ ತಣ್ಣಗೆ ಅಂದಿದ್ದರು, "ಆ ಮನೆಗೆ ಆ ಕಡೆ ಕಿಟಕಿ ಎಲ್ಲಿತ್ತೇ? ಬರೀ ಗೋಡೆ."

ಕಿಟಕಿಯೇ ಇಲ್ಲದ ಮನೆಯ ಕಿಟಕಿಯಿಂದ ಎಸೆದ ಮಾತ್ರೆಯ ಅನುಭವದ ಮೇಲೆ ನಾನು ತಂಗಿಗೆ ವೈದ್ಯಕೀಯ ಸಲಹೆ ಕೊಟ್ಟಿದ್ದೆ.

ಬಸ್ಸು ಸೇತುವೆ ಹತ್ತಿತು. ಮೊದಲಾದರೆ ಇಲ್ಲಿ ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯಬೇಕಿತ್ತು. ಪಶ್ಚಾತ್ತಾಪ ಪಡಲು ಒಂದೆರಡು ಗಂಟೆಯಾದರೂ ಸಿಗುತ್ತಿತ್ತು. ಈಗ ಕೆಲವೇ ನಿಮಿಷ. ಕೆಳಗೆ ಹಿನ್ನೀರು ತುಂಬಿ ನಿಂತಿತ್ತು. ನಾನು ಲೆಕ್ಕ ಹಾಕುತ್ತಿದ್ದೆ: ಆಷಾಢದಿಂದ ಕಾರ್ತಿಕದವರೆಗೆ ಹತ್ತಿರ ಹತ್ತಿರ ನಾಲ್ಕು ತಿಂಗಳು. ಮಗುವಿಗೆ ರಕ್ತ ತುಂಬುವ ನಾಲ್ಕು ತಿಂಗಳು, ತಾಯಿಗೆ ಹೆರಿಗೆಗೆ ಕೂಡಿಟ್ಟುಕೊಳ್ಳುವ ನಾಲ್ಕು ತಿಂಗಳು. ಅಷ್ಟೂ ದಿನ ಅವಳು ಸ್ಟ್ರಾಬೆರಿ ಮಿಠಾಯಿ ತಿಂದಿದ್ದಾಳೆ. ವೀಣಾ ಮೊದಲೇ ತೆಳ್ಳಗಿನ ಹುಡುಗಿ. ಮದುವೆಯ ದಿನ ಸೀರೆಯ ಭಾರಕ್ಕೇ ತಲೆ ತಿರುಗಿ ಕೂತವಳು.

ಅವಳ ಮನೆ ತಲುಪಿದಾಗ ಮಧ್ಯಾಹ್ನ. ಅವಳ ಗಂಡ ಮಂಜುನಾಥ ತುಮರಿಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದಾನೆ, ಮನೆಯಲ್ಲಿರಲಿಲ್ಲ. ಅತ್ತೆ ಹೂವಮ್ಮ ಜಗಲಿಯ ಮೇಲೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ವೀಣಾ ಪಕ್ಕದಲ್ಲಿ ಗೋಡೆಗೊರಗಿ ಕಾಲು ಚಾಚಿದ್ದಳು. ನಾನು ಚಪ್ಪಲಿ ಕೂಡ ಬಿಡದೆ ಅವಳ ಕೆಳರೆಪ್ಪೆ ಎಳೆದು ನೋಡಿದೆ. (ಏನು ನೋಡಬೇಕು ಅಂತ ನನಗೆ ಗೊತ್ತಿಲ್ಲ. ಡಾಕ್ಟರುಗಳು ನೋಡುತ್ತಾರೆ, ಅದಕ್ಕೆ ನೋಡಿದೆ.)

"ಎಂತಾತೇ ಅಕ್ಕ?"

"ಕೆಂಪು ಮಾತ್ರೆ ತಗೊಳ್ತಿಲ್ಲ ಅಲ್ವಾ ನೀನು?"

ವೀಣಾ ಅತ್ತೆಯ ಮುಖ ನೋಡಿದಳು. ಹೂವಮ್ಮ ಸೊಪ್ಪಿನಿಂದ ತಲೆ ಎತ್ತಲಿಲ್ಲ.

"ಇವತ್ತು ಬುಧವಾರ ಅಲ್ದಾ," ಅಂದರು. "ಇವತ್ತು ನಿಮ್ಮ ಮಿಠಾಯಿ ದಿನ."

"ಮಿಠಾಯಿ ದಿನ ಅಂದ್ರೆ?"

"ಸೋಮವಾರ ಶನಿವಾರ ಆದ್ರೆ ಮಾತ್ರೆ ದಿನ."

ನನಗೆ ಅರ್ಥವಾಗಲಿಲ್ಲ. ವೀಣಾ ನಗು ತಡೆದುಕೊಳ್ಳುತ್ತಿದ್ದಳು. ಆಮೇಲೆ ಇಬ್ಬರೂ ಸೇರಿ ಬಿಡಿಸಿ ಹೇಳಿದರು.

ಮೊದಲ ಬಾಟಲಿ ಬಂದ ವಾರವೇ ಮಂಜುನಾಥ ಅದರ ಹಿಂಬದಿ ಓದಿದ್ದನಂತೆ. (ಕಬ್ಬಿಣದ ಕೆಲಸದವನು ಕಬ್ಬಿಣ ಇಲ್ಲದ್ದನ್ನು ಗಮನಿಸಲಿಲ್ಲ. ಅವನ ಕಣ್ಣು ಬೇರೊಂದು ಶಬ್ದದ ಮೇಲೆ ಬಿತ್ತು.) ಜೆಲಟಿನ್ ಅಂದರೆ ಏನು ಅಂತ ಫೋನಿನಲ್ಲಿ ಹುಡುಕಿ, "ಅಮ್ಮಾ, ಇದು ದನ, ಹಂದಿದು ಚರ್ಮ, ಮೂಳೆ ಕುದಿಸಿ ಮಾಡೋ ಅಂಟಂತೆ" ಅಂದನಂತೆ. ಬಾಟಲಿ ಬಚ್ಚಲಿಗೆ ಹೋಗುತ್ತದೆ ಅಂದುಕೊಂಡನಂತೆ. ಹೋಗಲಿಲ್ಲ. ಈ ಮನೆಯಲ್ಲಿ ಮೀನು, ಕೋಳಿ ಎಲ್ಲ ಉಂಟು. ಹೂವಮ್ಮ ಬಹಳ ಹೊತ್ತು ಯೋಚನೆ ಮಾಡಿ, ಬಸುರಿಗೆ ಔಷಧಿ ಅಂತ ದೂರದಿಂದ ಬಂದದ್ದನ್ನು ಬಿಸಾಡುವುದೂ ಸರಿಯಲ್ಲ, ಎಲ್ಲಾ ದಿನ ಕೊಡುವುದೂ ಸರಿಯಲ್ಲ ಎಂದು ತೀರ್ಪು ಕೊಟ್ಟರು.

"ಮೂಳೆ ಅಂದ್ಮೇಲೆ ಅದು ಮಾಂಸದ್ದೇ ಲೆಕ್ಕ. ಮಾಂಸ ತಿನ್ನೋ ದಿನ ತಿನ್ಲಿ. ತಿನ್ನದ ದಿನ ಬ್ಯಾಡ."

"ತಿನ್ನದ ದಿನ?"

"ತಿನ್ನದ ದಿನ ಬಸುರಿ ಬರೀ ಹೊಟ್ಟೇಲಿ ಇರಾಂಗಿಲ್ಲಲ್ಲ. ಆ ದಿನ ಸಾವಿತ್ರಿ ಕೊಟ್ಟ ಕೆಂಪು ಮಾತ್ರೆ. ಲಿಂಬೆ ಶರಬತ್ ಜತೆ."

ಸಾವಿತ್ರಿ ಎಂದರೆ ಆ ಊರಿನ ಆಶಾ ಕಾರ್ಯಕರ್ತೆ. ವೀಣಾ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಅದರಲ್ಲಿ ಖಾಲಿಯಾದ ಮಾತ್ರೆಯ ಹಾಳೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ದಳು. ಬಂದಾಗಲೆಲ್ಲ ಸಾವಿತ್ರಿ ಖಾಲಿ ಹಾಳೆ ತೋರಿಸದೆ ಹೊಸದು ಕೊಡುವುದಿಲ್ಲವಂತೆ.

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಶ್ರಾವಣ ಪೂರ್ತಿ. ನವರಾತ್ರಿ. ಹಬ್ಬಗಳು. ಉಳಿದ ವಾರಗಳ ಎರಡೆರಡು ದಿನ. ಕೂಡಿದರೆ ಅರ್ಧಕ್ಕೆ ಮೋಸವಿಲ್ಲ. ಅರ್ಧ ದಿನ ಅವಳ ಹೊಟ್ಟೆಗೆ ಕಬ್ಬಿಣ ಹೋಗಿದೆ.

ಉಳಿದರ್ಧ?

"ನೀನೇ ಹೇಳಿದ್ಯಲ್ಲ, ಎರಡೂ ಒಟ್ಟಿಗೆ ತಗೊಂಡ್ರೆ ಓವರ್‌ಡೋಸ್ ಅಂತ," ಅಂದಳು ವೀಣಾ. "ಅದಕ್ಕೆ ಮಿಠಾಯಿ ದಿನ ಮಾತ್ರೆ ಮುಟ್ತಿರ್ಲಿಲ್ಲ."

"ಮಾತ್ರೆ ತಗೊಳ್ತಿದ್ದೀನಿ ಅಂತ ಒಂದು ಮಾತು ನನಗೆ ಹೇಳೋದಲ್ವಾ?"

"ಹೇಳಿದ್ರೆ ನೀನು ಇನ್ನೊಂದು ನಲವತ್ತೇಳು ಸೆಕೆಂಡ್ ಕಳಿಸ್ತಿದ್ದೆ."

ಅವಳಿಗೂ ಆ ಸೆಕೆಂಡುಗಳ ಸಂಖ್ಯೆ ನೆನಪಿದೆ. ಅಂದರೆ ಅವಳೂ ಅದನ್ನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದಾಳೆ.

"ನೀನು ಅಷ್ಟು ಆಸೆಯಿಂದ ಕಳಿಸಿದ್ದು. ಬೇಜಾರು ಮಾಡ್ಕೊಳ್ತೀಯ ಅಂತ," ಅಂದಳು ಆಮೇಲೆ, ಸ್ವಲ್ಪ ಮೆತ್ತಗೆ.

ಗಮ್ಮಿಯ ಬಾಟಲಿ ನೋಡಬೇಕು ಅಂದೆ. ತಂದಳು. ಮಲೆನಾಡಿನ ಮಳೆಗಾಲದ ತೇವಕ್ಕೆ ಅವೆಲ್ಲ ಒಂದಕ್ಕೊಂದು ಅಂಟಿ, ಬಾಟಲಿಯ ತಳದಲ್ಲಿ ಮುಷ್ಟಿಯಷ್ಟು ದೊಡ್ಡ ಕೆಂಪು ಉಂಡೆಯಾಗಿತ್ತು. ವೀಣಾ ಸ್ಪೂನಿನ ಹಿಡಿಯಿಂದ ಕೆರೆದು ತಿನ್ನುತ್ತಿದ್ದಳಂತೆ. ದಿನಕ್ಕೆ ಎರಡು ಅಂತ ಲೇಬಲ್ ಹೇಳುತ್ತದೆ. ಉಂಡೆಯಲ್ಲಿ ಎರಡು ಎಂದರೆ ಎಷ್ಟು? ಒಂದು ದಿನ ಅರ್ಧ ಗಮ್ಮಿಯಷ್ಟು, ಇನ್ನೊಂದು ದಿನ ನಾಲ್ಕರಷ್ಟು. ಮಾತ್ರೆಗೆ ಈ ಕಷ್ಟವಿಲ್ಲ. ಹಾಳೆಯೊಳಗೆ ಒಂದೊಂದೇ ಕೋಣೆಯಲ್ಲಿ ಕೂತಿರುತ್ತದೆ, ಒತ್ತಿದರೆ ಒಂದೇ ಹೊರಬರುತ್ತದೆ.

"ನಾನೂ ಒಂದ್ಸಲ ರುಚಿ ನೋಡ್ದೆ," ಅಂದರು ಹೂವಮ್ಮ. "ಪೆಪ್ಪರ್‌ಮಿಂಟ್. ಇದ್ರಾಗೆ ಔಷಧಿ ಎಲ್ಲಿ ಅದೆ ಅಂತ ಗೊತ್ತಾಗ್ಲಿಲ್ಲ. ನೀವು ಓದ್ದೋರು ಕಳ್ಸಿದ್ದು, ಇರ್ಬೋದು ಅಂದ್ಕಂಡೆ."

ಆ ಮಾತಿನಲ್ಲಿ ಕುಟುಕು ಇತ್ತೋ ಇಲ್ಲವೋ ನನಗೆ ಈಗಲೂ ತಿಳಿದಿಲ್ಲ. ಇತ್ತು ಅಂತಲೇ ಇಟ್ಟುಕೊಳ್ಳೋಣ.

ನಾಳೆಯೇ ಸಾಗರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ ಅಂದೆ. ಮುಂದಿನ ವಾರ ಹೇಗೂ ಹೋಗುವುದಿದೆಯಲ್ಲ ಅಂದಳು ವೀಣಾ. ಈಗಲೇ ಯಾಕೆ ಅವಸರ ಅಂತ ಹೂವಮ್ಮನೂ ಹೇಳಬಹುದು ಅಂದುಕೊಂಡೆ. ಅವರು ಹೇಳಲಿಲ್ಲ. ಸೊಪ್ಪಿನ ಬುಟ್ಟಿ ಬದಿಗಿಟ್ಟು ನನ್ನನ್ನೇ ನೋಡಿದರು.

"ನಿಮ್ಮ ಮಿಠಾಯೀಲಿ ರಕ್ತ ಆಗೋದು ಇರ್ಲಿಲ್ಲ ಅಂತ್ಲೇ ನೀವು ಓಡಿ ಬಂದದ್ದು?"

"ಹೌದು."

"ನಮ್ಮಕ್ಕಂಗೆ ರಕ್ತ ಇರ್ಲಿಲ್ಲ," ಅಂದರು. "ಹೆರಿಗೆ ನೋವು ಬಂದಾಗ ಲಾಂಚ್ ಆಚೆ ದಡದಾಗಿತ್ತು. ನಾಳೆ ಬೇಗ ಹೋಗಣ."

ಅಷ್ಟೇ. ಅವರು ಎದ್ದು ಒಳಗೆ ಹೋದರು. ನಾನು ವೀಣಾಳ ಮುಖ ನೋಡಿದೆ. ಅವಳಿಗೂ ಆ ಅಕ್ಕನ ವಿಷಯ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಸಾಗರದ ಆಸ್ಪತ್ರೆಯಲ್ಲಿದ್ದೆವು. ರಕ್ತ ತೆಗೆದರು. ಸಕ್ಕರೆಯನ್ನೂ ನೋಡಿಬಿಡೋಣ ಅಂತ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸಿದರು. ವೀಣಾ ಮುಖ ಹಿಂಡುತ್ತ ಕುಡಿದಳು.

"ಇಷ್ಟು ಸಕ್ಕರೆ ಕುಡಿಸಿ, ಆಮೇಲೆ ಸಕ್ಕರೆ ಅದ್ಯಾ ಅಂತ ನೋಡ್ತಾರಾ?" ಹೂವಮ್ಮ ನರ್ಸಿಗೆ ಕೇಳಿದರು.

"ಮೈ ಅದನ್ನ ಹೆಂಗೆ ಸಂಭಾಳಿಸುತ್ತೆ ಅಂತ ನೋಡೋದಜ್ಜಿ."

"ಹಾಂಗಾರೆ ನಮ್ಮನೇಲಿ ನಾಕು ತಿಂಗಳಿಂದ ಅದ್ನೇ ನೋಡ್ತಿದೀವಿ."

ಬೆಂಚಿನ ಮೇಲೆ ಕೂತಿದ್ದ ಬಸುರಿಯರೆಲ್ಲ ನಕ್ಕರು. ನಾನು ನಗಲಿಲ್ಲ. ಎರಡು ಗಂಟೆ ಎಷ್ಟು ಉದ್ದ ಅಂತ ಗೊತ್ತೇ ನಿಮಗೆ? ಎದುರಿನ ಗೋಡೆಯ ಮೇಲೆ ಬಸುರಿಯರು ಏನು ತಿನ್ನಬೇಕು ಎಂಬ ಚಿತ್ರಪಟ ಇತ್ತು. ನುಗ್ಗೆಸೊಪ್ಪು, ಬೆಲ್ಲ, ಮೊಟ್ಟೆ, ಮೀನು, ಕೆಂಪು ಮಾತ್ರೆ. ಅದನ್ನು ಹತ್ತು ಸಲ ಓದಿದೆ. ವೀಣಾ ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು. ಅದು ನಿದ್ದೆಯೋ ಸುಸ್ತೋ? ಎರಡರ ನಡುವಿನ ವ್ಯತ್ಯಾಸವನ್ನು ಒಬ್ಬಳ ಉಸಿರಿನಲ್ಲಿ ಹುಡುಕಲು ಹೊರಟರೆ ಹುಚ್ಚು ಹಿಡಿಯುತ್ತದೆ. ಒಮ್ಮೆ ಹೊಟ್ಟೆಯೊಳಗೆ ಮಗು ಒದೆಯಿತು. ನನ್ನ ಮೊಣಕೈಗೇ ತಾಗಿತು. ಯಾರ ಮೇಲಿನ ಸಿಟ್ಟೋ.

ಕೊನೆಗೆ ಕರೆದರು. ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ರಿಪೋರ್ಟ್ ಮೇಲೆ ಪೆನ್ನಿನ ತುದಿ ಓಡಿಸಿದರು.

"ಹಿಮೋಗ್ಲೋಬಿನ್ ಹನ್ನೊಂದು ಪಾಯಿಂಟ್ ಒಂದು."

"ಅಂದ್ರೆ?"

"ಸರಿ ಇದೆ. ಹನ್ನೊಂದರ ಮೇಲೆ ಇರಬೇಕು, ಇದೆ. ಕೂದಲೆಳೆಯಷ್ಟು ಮೇಲೆ. ಸಕ್ಕರೆಯೂ ಸರಿ ಇದೆ. ಮಗು ಬೆಳವಣಿಗೆ ಚೆನ್ನಾಗಿದೆ."

ಆ ಕ್ಷಣ ನನಗೆ ಏನನಿಸಿತು ಅಂತ ಬರೆಯಬೇಕು. ಅಂಕಣಕಾರರು ಇಂಥ ಕಡೆ ಚೆನ್ನಾಗಿ ಬರೆಯುತ್ತಾರೆ. ನನಗೆ ನೆನಪಿರುವುದು ಇಷ್ಟೇ: ತುಂಬಾ ಹಸಿವಾಯಿತು. ಹಿಂದಿನ ದಿನ ಮಧ್ಯಾಹ್ನದಿಂದ ಸರಿಯಾಗಿ ಉಂಡಿರಲಿಲ್ಲ ಎಂಬುದು ಆಗ ಗೊತ್ತಾಯಿತು.

"ಏನೇನು ತಗೊಳ್ತಿದೀರಿ?" ಡಾಕ್ಟರ್ ಕೇಳಿದರು. ವೀಣಾ ನನ್ನನ್ನು ನೋಡಿದಳು. ನಾನೇ ಹೇಳಿದೆ. ಗಮ್ಮಿ, ವಾಯ್ಸ್ ಮೆಸೇಜ್, ಓವರ್‌ಡೋಸ್, ಎಲ್ಲ. ಸೋಮವಾರದ ವಿಷಯ ಹೂವಮ್ಮ ಹೇಳಿದರು.

ಡಾಕ್ಟರ್ ನಗಲಿಲ್ಲ, ಬೈಯಲೂ ಇಲ್ಲ. ದಿನಕ್ಕೆ ಹತ್ತು ಇಂಥದ್ದನ್ನು ಕೇಳುವವರ ಮುಖ ಅದು. "ಕೆಲವರಿಗೆ ಮಾತ್ರೆ ನುಂಗೋಕೇ ಆಗಲ್ಲ, ವಾಂತಿ ನಿಲ್ಲಲ್ಲ. ಅಂಥವರಿಗೆ ಏನೂ ಇಲ್ಲದ್ದಕ್ಕಿಂತ ಗಮ್ಮಿಯಾದರೂ ಇರಲಿ ಅಂತ ನಾನೇ ಹೇಳಿದ್ದಿದೆ. ಆಗಲೂ ಐರನ್ ಬೇರೆ ಕೊಡಬೇಕಾಗತ್ತೆ. ನಿಮಗೆ ನುಂಗೋಕೆ ಏನು ಕಷ್ಟ?"

"ಕಷ್ಟ ಏನಿಲ್ಲ ಡಾಕ್ಟ್ರೇ," ಅಂದಳು ವೀಣಾ. "ನಂಗೆ ಒಂದು ದಿನವೂ ವಾಂತಿ ಬಂದಿಲ್ಲ."

ಒಂದು ದಿನವೂ. ನನ್ನ ವಾಂತಿಯನ್ನು ನಾನು ಅವಳಿಗೆ ಕೊರಿಯರ್ ಮಾಡಿದ್ದೆ.

"ಹಾಗಾದರೆ ಇನ್ನು ದಿನಾ ತಗೊಳ್ಳಿ. ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು. ಟೀ ಜೊತೆ ಬೇಡ. ಕ್ಯಾಲ್ಸಿಯಂ ಬೇರೆ ಹೊತ್ತಿಗೆ. ಗಮ್ಮಿ ತಿಂದದ್ದರಿಂದ ಏನೂ ಆಗಿಲ್ಲ, ಆದರೆ ದಿನಾ ಅಷ್ಟು ಸಕ್ಕರೆ ಔಷಧಿ ಹೆಸರಲ್ಲಿ ಯಾಕೆ? ಸಿಹಿ ತಿನ್ನಬೇಕು ಅನ್ನಿಸಿದರೆ ಸಿಹಿ ಅಂತಲೇ ತಿನ್ನಿ."

ಚೀಟಿ ಹಿಡಿದು ಕಾಮತರ ಅಂಗಡಿಗೆ ಬಂದೆವು. ಡಾಕ್ಟರ್ ವಾರಕ್ಕೊಂದರಂತೆ ನುಂಗಲು ಒಂದು ಕ್ಯಾಪ್ಸೂಲನ್ನೂ ಬರೆದಿದ್ದರು. ಪಾರದರ್ಶಕ, ನೀರಿನ ಹನಿಯಂಥದ್ದು. ಈ ಸಲ ನಾನು ಕೌಂಟರಿನಲ್ಲೇ ನಿಂತು ಹಿಂಬದಿ ಓದಿದೆ. ಹೊದಿಕೆ: ಜೆಲಟಿನ್.

ಹೇಳುವುದೋ ಬೇಡವೋ? ಹೇಳದಿದ್ದರೆ ವೀಣಾ ತಪ್ಪದೆ ನುಂಗುತ್ತಾಳೆ. ಆದರೆ ಮುಚ್ಚಿಡುವ ಹಕ್ಕು ನನಗಿದೆಯೇ? ಹಿಂದಿನ ದಿನವಷ್ಟೇ ಪಾಠ ಕಲಿತವಳು. ಹೇಳಿದೆ.

ಹೂವಮ್ಮ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ನೋಡಿದರು. "ವಾರಕ್ಕೊಂದೇ ಅಲ್ದಾ? ಭಾನುವಾರ ಕೊಡದು. ಭಾನುವಾರ ಹೆಂಗೂ ಮೀನು."

ಕಾಮತರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಅಂಗಡೀಲಿ ನೀವೇ ಕೂತ್ಕೊಳ್ಳಿ ಅಮ್ಮಾ," ಅಂದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಅಂದವಾಗಿರುತ್ತದೆ. ಓದಿದವಳ ಅಹಂಕಾರ ಸೋತಿತು, ಹಳ್ಳಿಯ ಅತ್ತೆಯ ಆಚಾರ ಗೆದ್ದಿತು, ತಾಯಿ ಮಗು ಕ್ಷೇಮ. ನೀವೂ ಇದನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ಕೈ ಮುಗಿಯಬಹುದು. ದಯವಿಟ್ಟು ಹಾಕಬೇಡಿ. ಯಾಕೆಂದರೆ ನಡೆದದ್ದು ಅದಲ್ಲ.

ಆಚಾರ ಏನನ್ನೂ ಉಳಿಸಲಿಲ್ಲ. ಈಗ ಎಷ್ಟೋ ಗಮ್ಮಿಗಳು ಮೂಳೆಯ ಅಂಟಿನ ಬದಲು ಹಣ್ಣಿನ ಸಿಪ್ಪೆಯ ಪೆಕ್ಟಿನ್ ಹಾಕಿ, ಹಸಿರು ಚುಕ್ಕೆ ಇಟ್ಟುಕೊಂಡು ಬರುತ್ತವೆ. ಮೊದಲ ಬಾಟಲಿ ತರಿಸಿದ ದಿನ ನಾನು ಮೊದಲು ನೋಡಿದ್ದೂ ಅಂಥದ್ದನ್ನೇ. ಕಿತ್ತಳೆ ಫ್ಲೇವರ್ ಇತ್ತು, ವೀಣಾಳಿಗೆ ಸ್ಟ್ರಾಬೆರಿ ಇಷ್ಟ ಅಂತ ಅದನ್ನು ಬಿಟ್ಟು ಇದನ್ನು ಒತ್ತಿದೆ. ಕಿತ್ತಳೆಯನ್ನೇ ಒತ್ತಿದ್ದರೆ? ಆ ಮನೆಯಲ್ಲಿ ಅದಕ್ಕೆ ಯಾವ ವಾರದ ಅಡ್ಡಿಯೂ ಇರುತ್ತಿರಲಿಲ್ಲ. ಏಳಕ್ಕೆ ಏಳು ದಿನ ಮಿಠಾಯಿ. ಒಂದೂ ಕೆಂಪು ಮಾತ್ರೆ ಇಲ್ಲ. ಹನ್ನೊಂದು ಪಾಯಿಂಟ್ ಒಂದು ಎಷ್ಟಾಗಿರುತ್ತಿತ್ತು ಅಂತ ನಾನು ಯೋಚಿಸಲು ಹೋಗುವುದಿಲ್ಲ.

ಉಳಿಸಿದ್ದು ಒಂದು ಫ್ಲೇವರ್. ಮತ್ತೆ ಖಾಲಿ ಹಾಳೆ ತೋರಿಸಿ ಅಂತ ಬಿಡದೆ ಬಾಗಿಲಿಗೆ ಬಂದ ಸಾವಿತ್ರಿ ಎಂಬ ಹೆಂಗಸು. ಅವಳ ಮುಖ ಕೂಡ ನಾನಿನ್ನೂ ನೋಡಿಲ್ಲ.

ಇನ್ನೊಂದು ಮಾತು. ಹೂವಮ್ಮ ತಮ್ಮ ಅಕ್ಕನ ಕಾರಣಕ್ಕೇ ಮಾತ್ರೆ ಬಿಡಿಸಲಿಲ್ಲ ಅಂತ ನನ್ನ ಮನಸ್ಸು ಆಗಲೇ ಕಥೆ ಕಟ್ಟತೊಡಗಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಅವರನ್ನೇ ಕೇಳಿದೆ. ಅವರು ಚಟ್ನಿ ಹಾಕಿಸಿಕೊಳ್ಳುತ್ತ, "ಅಕ್ಕನ್ ಸುದ್ದಿ ಬ್ಯಾರೆ, ಇದು ಬ್ಯಾರೆ. ಮಾತ್ರೆ ಖಾಲಿಯಾಗದೆ ಇದ್ರೆ ಸಾವಿತ್ರಿ ನಂಗೆ ಬೈತಿದ್ಲು" ಅಂದರು. ಒಪ್ಪಿಕೊಂಡೆ. ಅವರ ದುಃಖವನ್ನು ನನ್ನ ಅಂಕಣಕ್ಕೆ ತಕ್ಕ ಹಾಗೆ ಹೊಲಿದುಕೊಳ್ಳಲು ನಾನ್ಯಾರು?

ಸಂಜೆ ಇಬ್ಬರನ್ನೂ ಬ್ಯಾಕೋಡಿನ ಬಸ್ಸಿಗೆ ಹತ್ತಿಸಿದೆ. ವೀಣಾ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಔಷಧಿಯ ಚೀಲ ಇಟ್ಟುಕೊಂಡಳು. ಮುಖದಲ್ಲಿ ಬಣ್ಣ ಬಂದಿತ್ತೋ ನನಗೆ ಹಾಗೆ ಕಂಡಿತೋ, ಎರಡೂ ಒಳ್ಳೆಯದೇ.

"ಅಕ್ಕ, ಸಿಟ್ಟಿಲ್ಲ ಅಲ್ದಾ?" ಅಂದಳು. ಅವಳು. ನನಗೆ.

ಬಸ್ಸು ಹೋದ ಮೇಲೆ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಫೋನಿನಲ್ಲಿದ್ದ ಆ ಲೇಬಲ್ಲನ್ನು ಮೊದಲಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದೆ. ಎರಡು ನಿಮಿಷ ಹಿಡಿಯಿತು. ತಂಗಿಗೆ ಯಾವ ಬಣ್ಣ ಇಷ್ಟ, ಯಾವ ಹಣ್ಣು ಇಷ್ಟ, ಯಾವ ಬಾಟಲಿ ನೋಡಿದರೆ ನಗುತ್ತಾಳೆ ಅಂತ ಆರಿಸಲು ಅವತ್ತು ನನ್ನ ಹತ್ತಿರ ಅರ್ಧ ದಿನ ಇತ್ತು. ಈ ಎರಡು ನಿಮಿಷ ಯಾಕೆ ಇರಲಿಲ್ಲ?